ಗುರುದೀಕ್ಷೆ ಇಲ್ಲದ ಅಧ್ಯಕ್ಷರು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಇಂಡಿಯಾನಾದಲ್ಲಿ ನೋಟರ್ ಡೇಮ್ ಎಂಬ ಕಥೋಲಿಕ ವಿಶ್ವವಿದ್ಯಾಲಯವಿದೆ. ಅದರ ಅಧ್ಯಕ್ಷರು ಹೋಲಿ ಕ್ರಾಸ್ ಸಂಘದ ಪಾದ್ರಿಯೇ ಆಗಿರಬೇಕು. 1842ರಲ್ಲಿ ಅದನ್ನು ಕಟ್ಟಿದ ಫಾದರ್ ಎಡ್ವರ್ಡ್ ಸೋರಿನ್ ಆ ಸಂಘದವರು. 2024ರಲ್ಲಿ ಅಧಿಕಾರ ವಹಿಸಿಕೊಂಡ ಫಾದರ್ ರಾಬರ್ಟ್ ಡೌಡ್ ಕೂಡ ಅದೇ ಸಂಘದವರು.

ಜೆಸ್ವಿಟ್ ಪಾದ್ರಿಗಳು, ಅಂದರೆ ಯೇಸುಸಭೆಯವರು, ಕಟ್ಟಿದ ವಿಶ್ವವಿದ್ಯಾಲಯಗಳಲ್ಲಿ ಈ ಕಟ್ಟುಪಾಡು ಸಡಿಲವಾಗಿದೆ. 1789ರಲ್ಲಿ ಶುರುವಾದ ಜಾರ್ಜ್‌ಟೌನ್‌ಗೆ 2001ರಲ್ಲಿ ಜಾನ್ ಡಿಜೋಯಾ ಅಧ್ಯಕ್ಷರಾದರು. ಅಮೆರಿಕದ ಜೆಸ್ವಿಟ್ ವಿಶ್ವವಿದ್ಯಾಲಯವೊಂದಕ್ಕೆ ಗುರುದೀಕ್ಷೆ, ಅಂದರೆ ಪಾದ್ರಿಪಟ್ಟ, ಪಡೆಯದ, ಯಾವ ಸನ್ಯಾಸಿ ಸಂಘಕ್ಕೂ ಸೇರದ ಶ್ರೀಸಾಮಾನ್ಯರೊಬ್ಬರು ಅಧ್ಯಕ್ಷರಾದದ್ದು ಅದೇ ಮೊದಲು. 2022ರಲ್ಲಿ ನ್ಯೂಯಾರ್ಕಿನ ಫೋರ್ಡಮ್‌ಗೆ ತಾನ್ಯಾ ಟೆಟ್ಲೊ ಬಂದರು. ಆ ಪೀಠದಲ್ಲಿ ಕೂತ ಮೊದಲ ಮಹಿಳೆ ಅವರು, ಪಾದ್ರಿಯಲ್ಲದ ಮೊದಲಿಗರೂ ಅವರೇ.

ಪಾದ್ರಿಗಳಾಗಲು ಬರುವವರು ಕಡಿಮೆಯಾಗಿದ್ದಾರೆ, ನಿಜ. ಆದರೆ ಬದಲಾವಣೆಯ ಬೇರು 1967ರಷ್ಟು ಹಿಂದಿನದು. ನೋಟರ್ ಡೇಮ್‌ನ ಆಗಿನ ಅಧ್ಯಕ್ಷ ಫಾದರ್ ಹೆಸ್‌ಬರ್ಗ್ ಆ ವರ್ಷ ಆಡಳಿತವನ್ನು ಶ್ರೀಸಾಮಾನ್ಯರೇ ಹೆಚ್ಚಾಗಿರುವ ಮಂಡಳಿಗೆ ಒಪ್ಪಿಸಿದರು. ವಿಶ್ವವಿದ್ಯಾಲಯಕ್ಕೆ ಸ್ವಾಯತ್ತತೆ ಬೇಕೆಂದು ಅವರೂ ಅವರ ಸಹವರ್ತಿಗಳೂ ಸಾರಿದ್ದು ಅದೇ ವರ್ಷ. 1990ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಕಥೋಲಿಕ ವಿಶ್ವವಿದ್ಯಾಲಯಗಳಿಗೆಂದೇ ಒಂದು ಶಾಸನ ಹೊರಡಿಸಿದರು. ಕಥೋಲಿಕತನವನ್ನು ಉಳಿಸಿಕೊಳ್ಳುವ ಹೊಣೆ ಮೊದಲಿಗೆ ವಿಶ್ವವಿದ್ಯಾಲಯದ್ದೇ ಎಂದಿತು ಅದು. ಅಧ್ಯಾಪಕರಲ್ಲಿ ಕಥೋಲಿಕರಲ್ಲದವರು ಬಹುಸಂಖ್ಯಾತರಾಗಬಾರದು ಎಂದೂ ಹೇಳಿತು. ವಾದಗಳು ಹುಟ್ಟಿಕೊಂಡಿದ್ದು ಇಲ್ಲೇ.

ನನ್ನ ಮನಸ್ಸು ನಿಲ್ಲುವುದು ಬೇರೊಂದು ಕಡೆ. ಜೆಸ್ವಿಟ್ ಪಾದ್ರಿಯೊಬ್ಬರು ಪೀಠಕ್ಕೆ ಬರುವ ಮೊದಲು ಹತ್ತು ವರ್ಷಕ್ಕೂ ಮೀರಿದ ಸಾಧನೆ ನಡೆದಿರುತ್ತದೆ. ಮೂವತ್ತು ದಿನ ಮೌನದಲ್ಲಿ ಕೂತು ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸರ ಧ್ಯಾನಕ್ರಮವನ್ನು ಮಾಡಿ ಮುಗಿಸಿರುತ್ತಾರೆ. ತತ್ವಶಾಸ್ತ್ರ ಓದಿರುತ್ತಾರೆ, ಬಡವರ ನಡುವೆ ದುಡಿದಿರುತ್ತಾರೆ. ಕಾನೂನು ಕಾಲೇಜಿನಿಂದಲೋ ಪ್ರಯೋಗಾಲಯದಿಂದಲೋ ಬರುವ ಶ್ರೀಸಾಮಾನ್ಯ ಅಧ್ಯಕ್ಷರಿಗೆ ಆ ಸಿದ್ಧತೆಯನ್ನು ಯಾರು ಕೊಡುತ್ತಾರೆ? ಆಯ್ಕೆ ಸಮಿತಿಗಳು ದೇಣಿಗೆ ತರುವ ಶಕ್ತಿಯನ್ನು ತೂಗುತ್ತವೆ. ಈ ಪ್ರಶ್ನೆಯನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕು. ನಿಲುವಂಗಿ ಇದ್ದ ಮಾತ್ರಕ್ಕೆ ಧ್ಯೇಯ ಉಳಿಯುತ್ತದೆಂದು ನಾನು ನಂಬುವುದಿಲ್ಲ, ಆದರೆ ತಯಾರಿಯಿಲ್ಲದೆ ಖಂಡಿತ ಉಳಿಯದು.

ನಮ್ಮಲ್ಲೂ 1882ರ ಬೆಂಗಳೂರಿನ ಸೇಂಟ್ ಜೋಸೆಫ್ಸ್ 2022ರಲ್ಲಿ ವಿಶ್ವವಿದ್ಯಾಲಯವಾಯಿತು. 1880ರ ಮಂಗಳೂರಿನ ಸೇಂಟ್ ಅಲೋಶಿಯಸ್ ಈಗ ಡೀಮ್ಡ್ ವಿಶ್ವವಿದ್ಯಾಲಯ. ಎರಡರಲ್ಲೂ ಮೊದಲ ಕುಲಪತಿಗಳು ಯೇಸುಸಭೆಯ ಪಾದ್ರಿಗಳೇ. ಅಂಥವರು ಜೊತೆಗಿರುವಾಗಲೇ, ಅಲ್ಲಿನ ಯುವ ಉಪನ್ಯಾಸಕರಲ್ಲಿ ಆಸಕ್ತರಾದ ನಾಲ್ಕಾರು ಮಂದಿಯನ್ನು ಆ ಮೂವತ್ತು ದಿನಗಳ ಧ್ಯಾನಕ್ಕೆ ಕರೆದು ಕೂರಿಸಬಹುದಲ್ಲವೆ?