ಡ್ರಿಪ್ ಬಂತು, ಬೋರ್ ಯಾಕೆ ಬತ್ತಿತು?

ಎಲ್ಲರಿಗೂ ನಮಸ್ಕಾರ. ಪುಣೆಯಿಂದ ಮಾತಾಡುತ್ತಿದ್ದೇನೆ. ಇಲ್ಲಿರುವ ನಮ್ಮ ಕನ್ನಡದವರಲ್ಲಿ ಬಹಳ ಜನರ ಹೊಲ ಇನ್ನೂ ಊರಲ್ಲೇ ಇದೆ. ಜತ್ತ, ಅಕ್ಕಲಕೋಟೆ, ಇಂಡಿ, ಅಫಜಲಪುರ. ಮನೆಗೆ ಫೋನ್ ಮಾಡಿದರೆ ಅದೇ ಮಾತು: ಬೋರ್ ಬತ್ತಿತು, ಇನ್ನೊಂದು ಹೊಡೆಸಬೇಕು, ರೊಕ್ಕ ಕಳಿಸು.

ಇದಕ್ಕೆ ಸರ್ಕಾರ ಕೊಡುವ ಉತ್ತರ ಡ್ರಿಪ್, ಅಂದರೆ ಹನಿ ನೀರಾವರಿ. ಕೇಂದ್ರದ ಯೋಜನೆಯಲ್ಲಿ ಸಣ್ಣ ರೈತರಿಗೆ ಶೇ. 55, ಉಳಿದವರಿಗೆ ಶೇ. 45 ಸಬ್ಸಿಡಿ. ಡ್ರಿಪ್ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಉಳಿದ ನೀರು ಎಲ್ಲಿಗೆ ಹೋಗುತ್ತದೆ ನೋಡಿ. ಎರಡು ಎಕರೆ ಕಬ್ಬಿಗೆ ಸಾಲುತ್ತಿದ್ದ ಬಾವಿ ಈಗ ಮೂರು ಎಕರೆಗೆ ಸಾಲುತ್ತದೆ ಅಂದುಕೊಳ್ಳಿ. ಆ ಮೂರನೇ ಎಕರೆಗೂ ಕಬ್ಬೇ ಬರುತ್ತದೆ, ಅಲ್ವಾ? ಮೊದಲು ಹಾಯಿಸಿದ ನೀರಿನಲ್ಲಿ ಹೆಚ್ಚಾದದ್ದು ನೆಲಕ್ಕೆ ಇಳಿದು ಪಕ್ಕದವರ ಬಾವಿಗಾದರೂ ಸೇರುತ್ತಿತ್ತು. ಈಗ ಅದೂ ಕಡಿಮೆ. ಅದರ ಮೇಲೆ ಪಂಪಿಗೆ ಕರೆಂಟ್ ಪುಕ್ಕಟೆ: ಕರ್ನಾಟಕದಲ್ಲಿ 10 ಎಚ್‌ಪಿ ತನಕ, ಮಹಾರಾಷ್ಟ್ರದಲ್ಲಿ 2024ರಿಂದ 7.5 ಎಚ್‌ಪಿ ತನಕ.

ರೈತನನ್ನು ಬೈಯಬೇಡಿ. ಕಬ್ಬಿಗೆ ಎಫ್‌ಆರ್‌ಪಿ ಅಂತ ಕಾನೂನಿನ ಕನಿಷ್ಠ ಬೆಲೆ ಇದೆ. ರೊಕ್ಕ ತಡವಾಗಿ ಬಂದರೂ ಕಾರ್ಖಾನೆ ಕೊಳ್ಳುತ್ತದೆ ಅನ್ನುವ ಧೈರ್ಯ ಇದೆ. ನಮ್ಮ ಹಿಂಗಾರಿ ಬಿಳಿಜೋಳ ಕಪ್ಪು ಮಣ್ಣಿನ ತೇವದ ಮೇಲೇ ಬೆಳೆದು ನಿಲ್ಲುತ್ತದೆ. ಅದರ ಮಾಲ್ದಂಡಿ ತಳಿಗೂ ಸರ್ಕಾರ ಬೆಂಬಲ ಬೆಲೆ ಘೋಷಿಸುತ್ತದೆ. ಆದರೆ ಗೋಧಿ, ಭತ್ತ ಕೊಂಡ ಹಾಗೆ ಅದನ್ನು ಕೊಳ್ಳುವುದಿಲ್ಲ. ಹೀಗಿರುವಾಗ ನೀರು ಉಳಿಸುವ ಬೆಳೆಯನ್ನು ಯಾವ ನಂಬಿಕೆಯ ಮೇಲೆ ಬಿತ್ತಬೇಕು? ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ.

ದಾರಿ ಇಲ್ಲ ಅಂತೇನಿಲ್ಲ. ಇದೇ ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನಲ್ಲಿ, 1972ರ ಬರ ಕಂಡ ಎಂಜಿನಿಯರ್ ವಿಲಾಸರಾವ್ ಸಾಳುಂಖೆ, ನಾಯಗಾಂವದಿಂದ ಪಾಣಿ ಪಂಚಾಯತ್, ಅಂದರೆ ಊರವರೇ ಕೂಡಿ ನೀರು ಹಂಚಿಕೊಳ್ಳುವ ವ್ಯವಸ್ಥೆ, ಶುರು ಮಾಡಿದರು. ಯಾರ ಹೊಲ ಎಷ್ಟು ದೊಡ್ಡದು ಅಂತ ಅವರು ಕೇಳಲಿಲ್ಲ. ಮನೆಯಲ್ಲಿರುವ ತಲೆ ಎಣಿಸಿದರು. ತಲೆಗೆ ಅರ್ಧ ಎಕರೆಯ ನೀರು, ಮನೆಗೆ ಹೆಚ್ಚೆಂದರೆ ಎರಡೂವರೆ ಎಕರೆಯದು. ಹೊಲವೇ ಇಲ್ಲದವರಿಗೂ ಪಾಲು. ಕಬ್ಬು ಬೆಳೆಯುವಂತಿಲ್ಲ. ಅಹಿಲ್ಯಾನಗರ (ಹಿಂದಿನ ಅಹ್ಮದನಗರ) ಜಿಲ್ಲೆಯ ಹಿವರೆ ಬಜಾರ್ ಅನ್ನುವ ಊರಿನವರೂ ಅಷ್ಟೇ. ಮಳೆ ಅಳೆದು ಪ್ರತಿ ವರ್ಷ ನೀರಿನ ಬಜೆಟ್ ಮಾಡುತ್ತಾರೆ, ಅದನ್ನು ನೋಡಿಯೇ ಬೆಳೆ ಗೊತ್ತುಮಾಡುತ್ತಾರೆ. ಬೇಸಾಯಕ್ಕೆ ಬೋರ್‌ವೆಲ್ ಬೇಡ ಅಂತ ಊರೇ ಕೂಡಿ ತೀರ್ಮಾನಿಸಿತು.

ಹಾಗಾಗಿ ಸಬ್ಸಿಡಿ ಕೊಡುವವರಿಗೆ ನಾನು ಕೇಳುವುದು ಇದು. ಮೊದಲು ಜೋಳ, ತೊಗರಿ, ಕಡಲೆಯನ್ನು ಊರ ಸೊಸೈಟಿಯಲ್ಲೇ ಬೆಂಬಲ ಬೆಲೆಗೆ ಕೊಳ್ಳಿ. ಎರಡು ಮೂರು ಹಂಗಾಮು ತಪ್ಪದೆ ಕೊಳ್ಳಿ. ಆಮೇಲೆ ಡ್ರಿಪ್ ಸಬ್ಸಿಡಿ ಜೊತೆಗೆ ಬೋರಿನಿಂದ ಎತ್ತುವ ನೀರಿಗೂ ಮಿತಿ ಹಾಕಿ. ಖರೀದಿ ಇಲ್ಲದೆ ಸುಮ್ನೆ ಮಿತಿ ಹಾಕಿದರೆ ಯಾವ ರೈತನೂ ಒಪ್ಪುವುದಿಲ್ಲ, ಒಪ್ಪಬೇಕು ಅಂತ ನಾನೂ ಹೇಳಲಾರೆ.