ಷರತ್ತು ಓದಿ, ಆಮೇಲೆ ಜಗಳಾಡಿ: ಫುಟ್‌ಬಾಲ್ ಟ್ರಾನ್ಸ್‌ಫರ್ ಮತ್ತು ಹೆವಿವೇಟ್ ಬಾಕ್ಸಿಂಗ್

(ಚಿಕ್ಕಮಗಳೂರಿನಲ್ಲಿ ಕ್ರೀಡಾಸಕ್ತರ ಮುಂದೆ ನೀಡಿದ ಉಪನ್ಯಾಸದ ಪಠ್ಯ)

ಎಲ್ಲರಿಗೂ ನಮಸ್ಕಾರ.

ಆಗಸ್ಟ್ ಕೊನೆಯ ವಾರ ಎಂ.ಜಿ. ರಸ್ತೆಯ ಯಾವ ಹೋಟೆಲಿನಲ್ಲಿ ಕಾಫಿಗೆ ಕೂತರೂ ಪಕ್ಕದ ಟೇಬಲ್ಲಿನ ಹುಡುಗರ ಬಾಯಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ: 'ಅಷ್ಟು ದುಡ್ಡು ಸುರಿದು ಅವನನ್ನ ಯಾಕೆ ತಗೊಂಡ್ರು?' ಬಾಕ್ಸಿಂಗ್ ನೋಡುವವರದ್ದು ಬೇರೆ ಪ್ರಶ್ನೆ: 'ಅವರಿಬ್ರನ್ನ ಇನ್ನೂ ಯಾಕೆ ರಿಂಗಿಗೆ ಇಳಿಸಿಲ್ಲ?' ಎರಡಕ್ಕೂ ಉತ್ತರ ಒಪ್ಪಂದದ ಷರತ್ತುಗಳಲ್ಲಿ ಸಿಗುತ್ತದೆ. ಆ ಷರತ್ತುಗಳನ್ನು ಓದುವುದು ಹೇಗೆ ಅನ್ನುವುದಷ್ಟೇ ಇವತ್ತಿನ ಮಾತು. ಯಾವ ಕ್ಲಬ್ ದೊಡ್ಡದು ಅನ್ನುವ ಜಗಳವನ್ನು ಟೀ ವಿರಾಮಕ್ಕೆ ಇಟ್ಟುಕೊಳ್ಳೋಣ.

ಮೊದಲು ಬೆಲೆ. 2017ರ ಆಗಸ್ಟ್‌ನಲ್ಲಿ ಬ್ರೆಜಿಲ್‌ನ ಆಟಗಾರ ನೇಮಾರ್ ಬಾರ್ಸಿಲೋನಾ ಬಿಟ್ಟು ಪ್ಯಾರಿಸ್ ಕ್ಲಬ್ಬಿಗೆ (ಪಿಎಸ್‌ಜಿ) ಹೋದದ್ದು 22.2 ಕೋಟಿ ಯೂರೋಗೆ. ಈ ಮೊತ್ತವನ್ನು ಯಾರೂ ಕೂತು ಚೌಕಾಸಿ ಮಾಡಿ ನಿಗದಿ ಮಾಡಲಿಲ್ಲ. ಸ್ಪೇನಿನಲ್ಲಿ 1985ರ ಆದೇಶದ ಪ್ರಕಾರ ಆಟಗಾರ ಪರಿಹಾರ ಕಟ್ಟಿ ಅವಧಿಗೆ ಮುಂಚೆಯೇ ಹೊರಬರಬಹುದು. ಆ ಪರಿಹಾರ ಎಷ್ಟೆಂದು ಕ್ಲಬ್ಬುಗಳು ಒಪ್ಪಂದದಲ್ಲೇ ಬರೆದಿಡುತ್ತವೆ. ಯಾರೂ ಕಟ್ಟಲಾರರು ಎಂದು ನಂಬಿ ಬಾರ್ಸಿಲೋನಾ ಬರೆದಿಟ್ಟ ಅಂಕಿ ಅದು. ಕಟ್ಟುವವರು ಬಂದೇ ಬಿಟ್ಟರು. ಸ್ಪೇನಿನ ಲೀಗ್ ಹಣ ಪಡೆಯಲು ಒಪ್ಪದಿದ್ದಾಗ ನೇಮಾರ್ ಪರ ವಕೀಲರು ನೇರವಾಗಿ ಕ್ಲಬ್ ಕಚೇರಿಗೇ ಹೋಗಿ ಕಟ್ಟಿದರು. ಇಂಗ್ಲೆಂಡಿನಲ್ಲಿ ಇಂಥ ಷರತ್ತು ಕಡ್ಡಾಯವಲ್ಲ, ಇಬ್ಬರೂ ಒಪ್ಪಿದರೆ ಉಂಟು. ಆದ್ದರಿಂದ 'ರಿಲೀಸ್ ಕ್ಲಾಸ್ ಇದೆ' ಎಂಬ ಸುದ್ದಿ ಓದಿದಾಗ ಮೊದಲು ಆಟಗಾರ ಯಾವ ದೇಶದ ಕ್ಲಬ್ಬಿನಲ್ಲಿದ್ದಾನೆ ಎಂದು ನೋಡಿ.

ಬೆಲೆಯನ್ನು ಇಳಿಸುವ ದೊಡ್ಡ ಶಕ್ತಿ ಒಪ್ಪಂದದಲ್ಲಿ ಉಳಿದಿರುವ ವರ್ಷಗಳು. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಬೆಲ್ಜಿಯಂನ ಆಟಗಾರ ಜಾನ್-ಮಾರ್ಕ್ ಬೋಸ್ಮನ್ ಪರ ತೀರ್ಪು ಕೊಟ್ಟಿತು. ಒಪ್ಪಂದ ಮುಗಿದ ಮೇಲೂ ಹಳೇ ಕ್ಲಬ್ ದುಡ್ಡು ಕೇಳುವ ಪದ್ಧತಿ ಅಲ್ಲಿಗೆ ಮುಗಿಯಿತು. ಇವತ್ತು ಕೊನೆಯ ಆರು ತಿಂಗಳಿಗೆ ಬಂದ ಆಟಗಾರ ಬೇರೆ ದೇಶದ ಕ್ಲಬ್ಬಿನ ಜೊತೆ ಮುಂಗಡವಾಗಿ ಸಹಿ ಹಾಕಬಹುದು. ಪ್ಯಾರಿಸ್ ಕ್ಲಬ್ 18 ಕೋಟಿ ಯೂರೋ ಕೊಟ್ಟು ತಂದ ಎಂಬಾಪೆ 2024ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಹೋದಾಗ ಪ್ಯಾರಿಸ್‌ಗೆ ಸಿಕ್ಕ ಟ್ರಾನ್ಸ್‌ಫರ್ ಹಣ ಸೊನ್ನೆ. ಚೆನ್ನಾಗಿ ನಡೆಯುವ ಕ್ಲಬ್ಬುಗಳು ಎರಡು ವರ್ಷ ಬಾಕಿ ಇರುವಾಗಲೇ ಮಾರುತ್ತವೆ, ಇಲ್ಲವೇ ಹೊಸ ಸಹಿ ಹಾಕಿಸುತ್ತವೆ. ಒಂದು ವರ್ಷಕ್ಕೆ ಇಳಿದ ಮೇಲೆ ಕೊಳ್ಳುವವನದೇ ರಾಜ್ಯಭಾರ.

ಈಗ ಲೆಕ್ಕದ ಪುಸ್ತಕ. ಇಲ್ಲಿ ಬೆಳೆಗಾರರ ಮನೆಯವರು ಬಹಳ ಜನ ಇದ್ದೀರಿ. ತೋಟಕ್ಕೆ ಹೊಸ ಪಲ್ಪರ್ ಯಂತ್ರ ತಂದರೆ ಅದರ ಪೂರ್ತಿ ಬೆಲೆಯನ್ನು ಅದೇ ವರ್ಷದ ಖರ್ಚೆಂದು ಬರೆಯುವುದಿಲ್ಲ, ಸವಕಳಿ ಎಂದು ವರ್ಷಗಳ ಮೇಲೆ ಹಂಚುತ್ತೀರಿ. ಕ್ಲಬ್ಬುಗಳು ಆಟಗಾರನ ಬೆಲೆಯನ್ನೂ ಹೀಗೆಯೇ ಒಪ್ಪಂದದ ಅವಧಿಗೆ ಹಂಚುತ್ತವೆ. 2023ರ ಜನವರಿ 31ರಂದು ಚೆಲ್ಸಿ ಬೆನ್ಫಿಕಾದಿಂದ ಎಂಜೊ ಫೆರ್ನಾಂಡಿಸ್‌ನನ್ನು 10.68 ಕೋಟಿ ಪೌಂಡ್‌ಗೆ ತಂದು ಎಂಟೂವರೆ ವರ್ಷದ ಒಪ್ಪಂದ ಬರೆಯಿತು. ಭಾಗಿಸಿ ನೋಡಿ, ವರ್ಷಕ್ಕೆ ಸುಮಾರು 1.25 ಕೋಟಿ ಪೌಂಡ್. ಐದು ವರ್ಷಕ್ಕೆ ಹಂಚಿದ್ದರೆ 2.13 ಕೋಟಿ ದಾಟುತ್ತಿತ್ತು. ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್ಎ ಇದನ್ನು ಗಮನಿಸಿ 2023ರ ಬೇಸಿಗೆಯಿಂದ ಹಂಚಿಕೆಗೆ ಐದು ವರ್ಷದ ಮಿತಿ ಹಾಕಿತು, ವರ್ಷದ ಕೊನೆಗೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕೂಡ ಅದೇ ದಾರಿ ಹಿಡಿಯಿತು. ಒಪ್ಪಂದ ಎಂಟು ವರ್ಷದ್ದೇ ಇರಬಹುದು, ಲೆಕ್ಕ ಮಾತ್ರ ಐದಕ್ಕೆ ಮುಗಿಯಬೇಕು.

ಇಷ್ಟು ಉದ್ದದ ಒಪ್ಪಂದ ಜಾಣತನ ಎಂದು ಆಗ ಹೊಗಳಿದವರು ಬಹಳ. ನನಗೆ ಅದು ಸಾಲ ತೀರಿಸುವ ದಿನವನ್ನು ಮುಂದೆ ತಳ್ಳಿದ ಕೆಲಸ. 10 ಕೋಟಿಗೆ ಎಂಟು ವರ್ಷಕ್ಕೆಂದು ಕೊಂಡು, ಹಂಚಿಕೆಯನ್ನೂ ಎಂಟು ವರ್ಷಕ್ಕೇ ಮಾಡಿದ ಆಟಗಾರ ಮೂರನೇ ವರ್ಷಕ್ಕೆ ಬೆಂಚಿಗೆ ಬಿದ್ದ ಎನ್ನಿ. ಪುಸ್ತಕದಲ್ಲಿ ಅವನ ಬೆಲೆ ಇನ್ನೂ 6.25 ಕೋಟಿ. ಮಾರುಕಟ್ಟೆಯಲ್ಲಿ 4 ಕೋಟಿ ಸಿಕ್ಕಿದರೆ ಉಳಿದ 2.25 ಕೋಟಿ ಆ ಒಂದೇ ವರ್ಷದ ನಷ್ಟ. ಅದಕ್ಕೇ ಮಾರುವುದಿಲ್ಲ, ಲೋನ್ ಮೇಲೆ, ಅಂದರೆ ಬೇರೆ ಕ್ಲಬ್ಬುಗಳಿಗೆ ಎರವಲು ಕೊಟ್ಟು, ಊರೂರು ತಿರುಗಿಸುತ್ತಾರೆ. ಸಂಬಳ ಮಾತ್ರ ಓಡುತ್ತಲೇ ಇರುತ್ತದೆ.

ತಾನೇ ಬೆಳೆಸಿದ ಹುಡುಗನನ್ನು ಮಾರಿದರೆ ಕಥೆ ತಿರುಗುಮುರುಗು. ಅವನಿಗೆ ಕೊಂಡ ಬೆಲೆಯೇ ಇಲ್ಲ, ಬಂದದ್ದೆಲ್ಲ ಲಾಭ. ಅಕಾಡೆಮಿಯಿಂದ ಬಂದ ಮೇಸನ್ ಮೌಂಟ್ 2023ರಲ್ಲಿ, ಕಾನರ್ ಗ್ಯಾಲಗರ್ 2024ರಲ್ಲಿ ಚೆಲ್ಸಿ ಬಿಟ್ಟು ಹೋದದ್ದನ್ನು ಆಟದ ದೃಷ್ಟಿಯಿಂದ ನೋಡಿದರೆ ಅರ್ಥವಾಗುವುದು ಕಷ್ಟ, ಲೆಕ್ಕದ ದೃಷ್ಟಿಯಿಂದ ಸಲೀಸು. ಮಾರುವ ದಿನಾಂಕಕ್ಕೂ ಬೆಲೆ ಇದೆ. ನಾಟಿಂಗ್‌ಹ್ಯಾಮ್ ಫಾರೆಸ್ಟ್ ತನ್ನ ಅಕಾಡೆಮಿಯ ಬ್ರೆನನ್ ಜಾನ್ಸನ್‌ನನ್ನು 2023ರ ಸೆಪ್ಟೆಂಬರ್ 1ರಂದು ಟಾಟನ್‌ಹ್ಯಾಮ್‌ಗೆ ಮಾರಿತು. ಲೆಕ್ಕದ ವರ್ಷ ಜೂನ್ 30ಕ್ಕೇ ಮುಗಿದಿತ್ತು, ಆ ಹಣ ಅದರೊಳಗೆ ಬರಲಿಲ್ಲ. ಪ್ರೀಮಿಯರ್ ಲೀಗ್ ನಿಯಮದಂತೆ ಅವರಿಗಿದ್ದ ನಷ್ಟದ ಮಿತಿ 6.1 ಕೋಟಿ ಪೌಂಡ್, ಮೀರಿದ್ದು 3.45 ಕೋಟಿ. ಮುಂಚೆ ಮಾರಿದ್ದರೆ ಕಡಿಮೆ ಬೆಲೆಗೆ ಕೊಡಬೇಕಿತ್ತು, ಕಾದದ್ದರಿಂದ ಹೆಚ್ಚು ಸಿಕ್ಕಿತು ಎಂಬುದು ಕ್ಲಬ್ಬಿನ ವಾದ. ವಾದ ತಪ್ಪೇನಲ್ಲ, ಆದರೆ ನಿಯಮ ಕೇಳಲಿಲ್ಲ: 2024ರ ಮಾರ್ಚ್‌ನಲ್ಲಿ 4 ಅಂಕ ಕಡಿತ. ಅದಕ್ಕೂ ಮುಂಚೆ ಎವರ್ಟನ್‌ಗೆ 10 ಅಂಕ ಕಡಿತವಾಗಿ, ಮೇಲ್ಮನವಿಯಲ್ಲಿ 6ಕ್ಕೆ ಇಳಿದಿತ್ತು.

ಒಂದು ಟ್ರಾನ್ಸ್‌ಫರ್ ಎಲ್ಲಿ ಮುರಿಯುತ್ತದೆ? ಕ್ರಮ ಹೀಗಿದೆ: ಆಟಗಾರನ ಸಂಬಳದ ಮಾತು, ಎರಡು ಕ್ಲಬ್ಬುಗಳ ಒಪ್ಪಿಗೆ, ವೈದ್ಯಕೀಯ ಪರೀಕ್ಷೆ, ಸಹಿ, ಆಮೇಲೆ ಫಿಫಾದ ಟಿಎಂಎಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ನೋಂದಣಿ. ಬೇರೆ ದೇಶಕ್ಕೆ ಹೋಗುವ ಆಟಗಾರನಾದರೆ ಎರಡೂ ಕ್ಲಬ್ಬುಗಳು ಬೆಲೆ, ಕಂತು, ದಿನಾಂಕಗಳನ್ನು ಪ್ರತ್ಯೇಕವಾಗಿ ತುಂಬಬೇಕು, ಎರಡೂ ತಾಳೆಯಾಗಬೇಕು. 'ಡೀಲ್ ಮುಗೀತು' ಎಂದು ಪತ್ರಕರ್ತರು ಬರೆಯುವುದು ಬಹುಪಾಲು ಎರಡನೇ ಹಂತದಲ್ಲಿ. ಮೂರನೇ ಹಂತದಲ್ಲಿ ಕೈತಪ್ಪಿದ್ದಕ್ಕೆ 2009ರಲ್ಲಿ ಫ್ರೆಂಚ್ ಆಟಗಾರ ಅಲಿ ಸಿಸೊಕೊ ಸಾಕ್ಷಿ. ಎಸಿ ಮಿಲಾನ್ ವೈದ್ಯರು ಅವನ ಹಲ್ಲಿನ ತೊಂದರೆ ಕಾರಣಕ್ಕೆ ಬೇಡ ಎಂದರು. 2000ದಲ್ಲಿ ಡಚ್ ಆಟಗಾರ ಫಾನ್ ನಿಸ್ಟೆಲ್‌ರೂಯ್‌ನ ಮೊಣಕಾಲು ನೋಡಿ ಮ್ಯಾಂಚೆಸ್ಟರ್ ಯುನೈಟೆಡ್ ಹಿಂದೆ ಸರಿಯಿತು. ಕೆಲವೇ ದಿನಕ್ಕೆ ಅದೇ ಕಾಲಿನ ಲಿಗಮೆಂಟ್ ಹರಿಯಿತು, ಒಂದು ವರ್ಷ ತಡವಾಗಿ ಬಂದು ಸೇರಿದ.

ಕೊನೆಯ ಹಂತದಲ್ಲಿ ಆದ ಎಡವಟ್ಟು ಇನ್ನೂ ವಿಚಿತ್ರ. 2017ರ ಆಗಸ್ಟ್ 31, ಲೆಸ್ಟರ್ ಸಿಟಿ ಪೋರ್ಚುಗಲ್‌ನ ಆಡ್ರಿಯನ್ ಸಿಲ್ವಾನನ್ನು ಕೊಂಡಿತು. ದಾಖಲೆಗಳು ಗಡುವು ಮೀರಿ 14 ಸೆಕೆಂಡಿಗೆ ತಲುಪಿದವು. ಫಿಫಾ ಒಪ್ಪಲಿಲ್ಲ. ಜನವರಿಯವರೆಗೆ ಅವನು ಅಭ್ಯಾಸ ಮಾಡಬಹುದಿತ್ತು, ಪಂದ್ಯ ಆಡುವಂತಿರಲಿಲ್ಲ. ಆಮೇಲೆ ಅವನು ತೊಟ್ಟ ಅಂಗಿಯ ಸಂಖ್ಯೆ 14. ಇಂಗ್ಲೆಂಡಿನಲ್ಲಿ ರಾತ್ರಿ 11ಕ್ಕೆ ಗಡುವಿದ್ದ ವರ್ಷಗಳಲ್ಲಿ ನಮಗೆ ಅದು ಬೆಳಗಿನ ಜಾವ ಮೂರೂವರೆ. 2025ರ ಸೆಪ್ಟೆಂಬರ್ 1ರಂದು ಸಂಜೆ 7ಕ್ಕೇ ಮುಚ್ಚಿದರು, ನಮಗೆ ರಾತ್ರಿ ಹನ್ನೊಂದೂವರೆ. ಮಳೆಗೆ ಕರೆಂಟ್ ಹೋಗುವ ನಮ್ಮ ಮಲೆನಾಡಿಗೆ ಇದೇ ವಾಸಿ.

ಇನ್ನು ಹೆವಿವೇಟ್. 200 ಪೌಂಡ್, ಅಂದರೆ 90.7 ಕೆ.ಜಿ. ದಾಟಿದವರೆಲ್ಲ ಇಲ್ಲಿ, ಮೇಲ್ಮಿತಿ ಇಲ್ಲ. ಹಾಗಾಗಿ ತೂಕ ನೋಡುವ ದಿನ ಯಾರೂ ಅನರ್ಹರಾಗುವುದಿಲ್ಲ, ಆದರೂ ಆ ಅಂಕಿಯನ್ನು ಓದಬೇಕು. 2019ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಆಗಿನ ಚಾಂಪಿಯನ್, ಇಂಗ್ಲೆಂಡಿನ ಆಂಟನಿ ಜೋಶುವಾನನ್ನು ಕೆಡವಿದ ಆಂಡಿ ರೂಯಿಜ್ 268 ಪೌಂಡ್ ಇದ್ದ. ಡಿಸೆಂಬರ್‌ನಲ್ಲಿ ಸೌದಿಯ ಮರುಪಂದ್ಯಕ್ಕೆ 283 ಆಗಿ ಬಂದ, ಓಡಾಡಲಾರದೆ ಅಂಕದ ಮೇಲೆ ಸೋತ.

ನಾಲ್ಕು ಸಂಸ್ಥೆ, ನಾಲ್ಕು ಬೆಲ್ಟ್: ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ. ಪ್ರತಿಯೊಂದಕ್ಕೂ ತನ್ನದೇ ಶ್ರೇಯಾಂಕ, ತನ್ನದೇ ಕಡ್ಡಾಯ ಸವಾಲುಗಾರ. ಆ ಸವಾಲುಗಾರನ ಜೊತೆ ನಿಗದಿತ ಅವಧಿಯಲ್ಲಿ ಹೋರಾಡದಿದ್ದರೆ ಬೆಲ್ಟ್ ಹೋಗುತ್ತದೆ. ಎರಡೂ ಕಡೆಯವರು ಹಣಕ್ಕೆ ಒಪ್ಪದಿದ್ದರೆ ಪರ್ಸ್ ಬಿಡ್, ಅಂದರೆ ಮುಚ್ಚಿದ ಲಕೋಟೆಯ ಹರಾಜು. 2022ರ ಜನವರಿಯಲ್ಲಿ ಚಾಂಪಿಯನ್ ಟೈಸನ್ ಫ್ಯೂರಿ ಮತ್ತು ಸವಾಲುಗಾರ ಡಿಲಿಯನ್ ವೈಟ್ ಪಂದ್ಯಕ್ಕೆ, ಪಂದ್ಯ ಏರ್ಪಡಿಸುವ ಪ್ರಮೋಟರ್ ಫ್ರ್ಯಾಂಕ್ ವಾರನ್ 4 ಕೋಟಿ 10 ಲಕ್ಷ 25 ಸಾವಿರ ಡಾಲರ್ ಬರೆದು ಗೆದ್ದರು. ಚಾಂಪಿಯನ್‌ಗೆ ಶೇ 80, ಸವಾಲುಗಾರನಿಗೆ ಶೇ 20.

ಈ ಕಡ್ಡಾಯದ ಎದುರಿಗೆ ನಿಲ್ಲುವುದು ಮರುಪಂದ್ಯದ ಷರತ್ತು. ಸೋತ ಚಾಂಪಿಯನ್ ಇನ್ನೊಂದು ಅವಕಾಶ ಕೇಳುವ ಹಕ್ಕು ಅದು. 2015ರ ನವೆಂಬರ್ 28ರಂದು ಟೈಸನ್ ಫ್ಯೂರಿ ಆಗಿನ ಚಾಂಪಿಯನ್ ಕ್ಲಿಟ್ಸ್‌ಕೊನನ್ನು ಸೋಲಿಸಿದ. ಒಪ್ಪಂದದ ಪ್ರಕಾರ ಮುಂದಿನದು ಕ್ಲಿಟ್ಸ್‌ಕೊ ಜೊತೆಗಿನ ಮರುಪಂದ್ಯ. ಐಬಿಎಫ್ ಪ್ರಕಾರ ಮುಂದಿನದು ಕಡ್ಡಾಯ ಸವಾಲುಗಾರ ಗ್ಲಾಜ್ಕೊವ್ ಜೊತೆ. ಎರಡೂ ಒಟ್ಟಿಗೆ ಆಗದು, ಹತ್ತೇ ದಿನಕ್ಕೆ ಐಬಿಎಫ್ ಬೆಲ್ಟ್ ಕಿತ್ತುಕೊಂಡಿತು. ಖಾಲಿ ಬೆಲ್ಟಿಗೆ 2016ರ ಜನವರಿಯಲ್ಲಿ ಗ್ಲಾಜ್ಕೊವ್ ಮತ್ತು ಚಾರ್ಲ್ಸ್ ಮಾರ್ಟಿನ್ ಆಡಿದರು. ಮೂರನೇ ಸುತ್ತಿನಲ್ಲಿ ಗ್ಲಾಜ್ಕೊವ್‌ನ ಮೊಣಕಾಲು ಕೈಕೊಟ್ಟಿತು, ಮಾರ್ಟಿನ್ ವಿಶ್ವ ಚಾಂಪಿಯನ್! ಏಪ್ರಿಲ್‌ನಲ್ಲಿ ಜೋಶುವಾ ಅವನನ್ನು ಎರಡೇ ಸುತ್ತಿನಲ್ಲಿ ಮುಗಿಸಿದ. ಒಂದು ಬೆಲ್ಟ್ ಐದು ತಿಂಗಳಲ್ಲಿ ಹೀಗೆ ಕೈ ಬದಲಾಯಿಸಿತು. 2024ರಲ್ಲಿ ಉಕ್ರೇನಿನ ಉಸಿಕ್‌ಗೂ ಇದೇ ಆಯಿತು: ನಾಲ್ಕು ಬೆಲ್ಟ್ ಗೆದ್ದ ಮರು ತಿಂಗಳು, ಫ್ಯೂರಿ ಜೊತೆ ಮರುಪಂದ್ಯ ಬರೆದಿದ್ದರಿಂದ ಐಬಿಎಫ್ ಬೆಲ್ಟ್ ಬಿಡಬೇಕಾಯಿತು. ಅದು ರಿಂಗಿನ ಹೊರಗೇ ಡ್ಯುಬೋಯಿಸ್ ಪಾಲಾಯಿತು.

ಈ ಷರತ್ತು ಬಾಕ್ಸಿಂಗಿನ ರೋಗ ಎಂದೇ ನನ್ನ ಮಾತು. 2021ರ ಮೇನಲ್ಲಿ ಫ್ಯೂರಿ ಆಗಸ್ಟ್ 14ಕ್ಕೆ ಜೋಶುವಾ ಜೊತೆ ಪಂದ್ಯ ಎಂದು ಘೋಷಿಸಿದ್ದ. ಮಧ್ಯಸ್ಥಗಾರರು, ಹಿಂದಿನ ಪಂದ್ಯದಲ್ಲಿ ಫ್ಯೂರಿಗೆ ಸೋತಿದ್ದ ವೈಲ್ಡರ್‌ಗೆ ಮೂರನೇ ಪಂದ್ಯದ ಹಕ್ಕು ಇದೆ ಎಂದರು, ಎಲ್ಲ ನೆಲಕಚ್ಚಿತು. ಆಗ ಇಬ್ಬರೂ ಉತ್ತುಂಗದಲ್ಲಿದ್ದರು. ಸೆಪ್ಟೆಂಬರ್‌ನಲ್ಲಿ ಜೋಶುವಾ ಉಸಿಕ್‌ಗೆ ಸೋತ, ಆ ಪಂದ್ಯದ ಕಳೆಯೇ ಹೋಯಿತು.

ರಿಂಗಿನ ಒಳಗೂ ನಿಯಮದ ಒಂದು ಸಾಲು ಪಂದ್ಯ ತಿರುಗಿಸುತ್ತದೆ. 2024ರ ಮೇ 18, ರಿಯಾದ್. ನಮಗಾಗ 19ರ ಬೆಳಗಿನ ಜಾವ. 206 ಸೆಂ.ಮೀ. ಎತ್ತರದ ಫ್ಯೂರಿ ಎದುರು 191 ಸೆಂ.ಮೀ.ನ ಎಡಗೈ ಬಾಕ್ಸರ್ ಉಸಿಕ್. ಮುಂಗಾಲನ್ನು ಎದುರಾಳಿಯ ಮುಂಗಾಲಿನ ಹೊರಮಗ್ಗುಲಿಗೆ ಇಟ್ಟು ಎಡಗೈಯನ್ನು ನೇರ ಮಧ್ಯದಲ್ಲಿ ಹಾಯಿಸುವುದು ಅವನ ಕಸುಬು. ಒಂಬತ್ತನೇ ಸುತ್ತಿನಲ್ಲಿ ಫ್ಯೂರಿ ತೂರಾಡಿ ಹಗ್ಗಕ್ಕೆ ಬಿದ್ದ. ನೆಲ ಮುಟ್ಟಲಿಲ್ಲ. ಹಗ್ಗವೇ ಹಿಡಿದು ನಿಲ್ಲಿಸಿದ್ದರೆ ಅದನ್ನು ಬಿದ್ದಂತೆಯೇ ಎಣಿಸಬೇಕೆಂಬ ನಿಯಮದಂತೆ ರೆಫರಿ ಮಾರ್ಕ್ ನೆಲ್ಸನ್ ಎಂಟರವರೆಗೆ ಎಣಿಸಿದರು. ಸುತ್ತು ಗೆದ್ದವನಿಗೆ 10, ಸೋತವನಿಗೆ 9 ಎಂಬ ಮಾಮೂಲಿ ಲೆಕ್ಕ ಇಲ್ಲಿ 10-8 ಆಯಿತು. ಮೂವರು ಜಡ್ಜ್‌ಗಳ ಕೊನೆಯ ಪಟ್ಟಿಗಳು: ಒಬ್ಬರದ್ದು ಉಸಿಕ್‌ಗೆ 115-112, ಇನ್ನೊಬ್ಬರದ್ದು ಉಸಿಕ್‌ಗೆ 114-113, ಮೂರನೆಯವರದ್ದು ಫ್ಯೂರಿಗೆ 114-113. ಆ ಎಣಿಕೆ ಇಲ್ಲದಿದ್ದರೆ ಎರಡನೆಯವರ ಪಟ್ಟಿ 114-114, ಪಂದ್ಯ ಡ್ರಾ. ರೆಫರಿ ತಕ್ಷಣ ಪಂದ್ಯ ನಿಲ್ಲಿಸಬೇಕಿತ್ತು ಎನ್ನುವವರೂ ಇದ್ದಾರೆ, ಎಣಿಸಿ ಫ್ಯೂರಿಗೆ ಉಸಿರು ಕೊಟ್ಟರು ಎನ್ನುವವರೂ ಇದ್ದಾರೆ. ನೆಲ್ಸನ್ ಮಾಡಿದ್ದು ಸರಿ. ಡಿಸೆಂಬರ್‌ನ ಮರುಪಂದ್ಯದಲ್ಲಿ ಮೂವರೂ ಉಸಿಕ್‌ಗೆ 116-112 ಕೊಟ್ಟು ಆ ವಾದಕ್ಕೆ ಜಾಗ ಇಲ್ಲದಂತೆ ಮಾಡಿದರು.

ಸೌದಿ ದುಡ್ಡಿನ ಬಗ್ಗೆ ಒಂದೇ ಮಾತು. ಒಂದೇ ದೇಶದ ಹಣ ಎರಡು ಆಟದಲ್ಲಿ ಎರಡು ಥರ ಕೆಲಸ ಮಾಡಿದೆ. ಬಾಕ್ಸಿಂಗಿನಲ್ಲಿ ಒಬ್ಬರ ಮುಖ ಒಬ್ಬರು ನೋಡದ ಪ್ರಮೋಟರ್‌ಗಳನ್ನು ಒಂದೇ ವೇದಿಕೆಗೆ ತಂದಿತು, ಆಗದ ಪಂದ್ಯಗಳು ಆದವು. ಫುಟ್‌ಬಾಲಿನಲ್ಲಿ ಬೇರೆ ಯಾರೂ ಕೊಡಲಾಗದ ಸಂಬಳಕ್ಕೆ ಆಟಗಾರನನ್ನು ಕಟ್ಟಿಹಾಕಿತು. ಅಲ್ ಹಿಲಾಲ್ ಸೇರಿದ ನೇಮಾರ್ ಆಡಿದ್ದು 7 ಪಂದ್ಯ.

ಇಷ್ಟರಲ್ಲಿ ನಮ್ಮ ಜಿಲ್ಲೆಗೆ ಬರುವುದೇನು? ಒಂದಿದೆ. ಅಂತರರಾಷ್ಟ್ರೀಯ ಟ್ರಾನ್ಸ್‌ಫರ್ ಹಣದಲ್ಲಿ ಶೇ 5ನ್ನು ಆಟಗಾರನನ್ನು 12ರಿಂದ 23ರ ವಯಸ್ಸಿನಲ್ಲಿ ಬೆಳೆಸಿದ ಕ್ಲಬ್ಬುಗಳಿಗೆ ಹಂಚಬೇಕೆಂದು ಫಿಫಾ ನಿಯಮ. 12ರಿಂದ 15ರವರೆಗೆ ವರ್ಷಕ್ಕೆ ಒಟ್ಟು ಬೆಲೆಯ ಶೇ 0.25, 16ರಿಂದ 23ಕ್ಕೆ ವರ್ಷಕ್ಕೆ ಶೇ 0.5. ನಿಮ್ಮ ಕ್ಲಬ್ಬಿನಲ್ಲಿ ಮೊದಲ ನಾಲ್ಕು ವರ್ಷ ಆಡಿದ ಹುಡುಗ ಮುಂದೊಮ್ಮೆ 10 ಕೋಟಿ ರೂಪಾಯಿಗೆ ವಿದೇಶಿ ಕ್ಲಬ್ಬಿಗೆ ಹೋದರೆ ನಿಮ್ಮ ಪಾಲು 10 ಲಕ್ಷ. ಬೆಲೆ ಇಲ್ಲದೆ ಹೋದರೆ ಈ ಪಾಲು ಇಲ್ಲ. ಮೈದಾನದಲ್ಲಿ ತರಬೇತಿ ಕೊಟ್ಟದ್ದಕ್ಕೆ ಫೋಟೋ ಇದ್ದರೆ ಸಾಲದು, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಕೇಂದ್ರೀಕೃತ ನೋಂದಣಿ ವ್ಯವಸ್ಥೆಯಲ್ಲಿ ಆ ಹುಡುಗ ಪ್ರತಿ ಋತುವಿಗೂ ನಿಮ್ಮ ಕ್ಲಬ್ಬಿನ ಹೆಸರಲ್ಲಿ ಇರಬೇಕು. ಜನನ ಪ್ರಮಾಣಪತ್ರದ ಹೆಸರಿನ ಕಾಗುಣಿತ ನೋಂದಣಿಯಲ್ಲಿ ಬದಲಾಗಬಾರದು. ಹಣ ಬರುವುದು ಫಿಫಾ ಕ್ಲಿಯರಿಂಗ್ ಹೌಸ್ ಮೂಲಕ, ಅದು ಕ್ಲಬ್ಬಿನ ದಾಖಲೆಗಳನ್ನು ಪರಿಶೀಲಿಸಿದ ಮೇಲೆ. ಆದ್ದರಿಂದ ಬ್ಯಾಂಕ್ ಖಾತೆ ಕಾರ್ಯದರ್ಶಿಯ ಸ್ವಂತ ಹೆಸರಿನಲ್ಲಿ ಬೇಡ, ಕ್ಲಬ್ಬಿನ ಹೆಸರಿನಲ್ಲೇ ಇರಲಿ.