ಅಳೆಯಬೇಕಾದದ್ದು ನೆನಪನ್ನು

ಕೇಳುಗರೆಲ್ಲರಿಗೂ ನಮಸ್ಕಾರ. ಹಿರಿಯರಲ್ಲಿ ಮರೆವಿನ ಕಾಯಿಲೆಯನ್ನು, ಅಂದರೆ ಡಿಮೆನ್ಷಿಯಾವನ್ನು, ಗುರುತಿಸಲು ವೈದ್ಯರು ಮೊದಲು ಬಳಸುವ ಪ್ರಶ್ನಾವಳಿಯನ್ನು ಹಾಂಗ್‌ಕಾಂಗ್‌ನ ಕ್ಯಾಂಟನೀಸ್ ಭಾಷಿಕರಿಗೆ ಹೇಗೆ ಹೊಂದಿಸಲಾಯಿತು ಎಂಬುದು ಇಂದಿನ ವಿಷಯ. ನಾನು ಹೇಳಬೇಕೆಂದಿರುವುದು ಒಂದೇ ಮಾತು: ಪರೀಕ್ಷೆ ನೆನಪನ್ನು ಅಳೆಯಬೇಕು, ಶಾಲೆಯನ್ನಲ್ಲ.

ಮಾರ್ಷಲ್ ಫೋಲ್‌ಸ್ಟೀನ್ ಮತ್ತು ಸಂಗಡಿಗರು 1975ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಮಿನಿ ಮೆಂಟಲ್ ಸ್ಟೇಟ್ ಪರೀಕ್ಷೆಗೆ ಒಟ್ಟು 30 ಅಂಕ. ಅದರಲ್ಲಿ ಇಂಗ್ಲಿಷ್ ಪದವೊಂದರ ಅಕ್ಷರಗಳನ್ನು ಹಿಂದುಮುಂದಾಗಿ, ಅಂದರೆ ಕೊನೆಯಿಂದ ಮೊದಲಿಗೆ, ಹೇಳಬೇಕು, ಕಣ್ಣು ಮುಚ್ಚಿ ಎಂಬ ಬರಹವನ್ನು ಓದಿ ಹಾಗೆಯೇ ಮಾಡಬೇಕು, ಕಾಗದದ ಮೇಲೆ ಒಂದು ವಾಕ್ಯ ಬರೆಯಬೇಕು. ಹಾಂಗ್‌ಕಾಂಗ್‌ನಲ್ಲಿ ಕಡ್ಡಾಯ ಉಚಿತ ಪ್ರಾಥಮಿಕ ಶಿಕ್ಷಣ ಜಾರಿಗೆ ಬಂದದ್ದೇ 1971ರಲ್ಲಿ. ಅದಕ್ಕಿಂತ ಎಷ್ಟೋ ಮೊದಲು ಬಾಲ್ಯ ಕಳೆದ ಅಜ್ಜಿಯರ ಕೈಗೆ ಪೆನ್ನು ಕೊಟ್ಟು ಬರೆಯಿರಿ ಎಂದರೆ, ಅದು ಯಾವ ಕಾಯಿಲೆಯ ಪರೀಕ್ಷೆ?

ಒಬ್ಬ ಅಜ್ಜಿಯನ್ನು ನಾನು ಅಲ್ಲಿಯ ಒಂದು ಚಿಕಿತ್ಸಾಲಯದಲ್ಲಿ ಕಂಡಿದ್ದೆ. ಜೀವಮಾನವೆಲ್ಲ ಸಂತೆಯಲ್ಲಿ ಸೊಪ್ಪು ಮಾರಿದವರು. ಪೆನ್ನು ಕೊಟ್ಟೊಡನೆ ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಮಗನತ್ತ ನೋಡಿದರು. ಮಗ ತಕ್ಷಣ ತಾನೇ ಬರೆಯಲು ಹೊರಟ. ಪ್ರಶ್ನೆ ತಾಯಿಗೆ, ಉತ್ತರ ಮಗನದು ಎಂದಾದರೆ ಅಂಕ ಯಾರಿಗೆ ಕೊಡಬೇಕು ಎಂದು ದಾದಿ ಕೇಳಿದಾಗ ಅವನು ಸುಮ್ಮನಾದ. ಬರೆಯುವುದು ಬೇಡ, ಬಾಯಲ್ಲೇ ಒಂದು ಪೂರ್ತಿ ವಾಕ್ಯ ಹೇಳಿ ಎಂದಾಗ ಅಜ್ಜಿ, "ನಿಮ್ಮ ಬೀದಿಯ ಅಂಗಡಿಯವನು ನಿನ್ನೆಯ ಸೊಪ್ಪಿಗೆ ಇವತ್ತಿನ ಬೆಲೆ ಹೇಳುತ್ತಾನೆ" ಎಂದರು. ವ್ಯಾಕರಣವೂ ಸರಿಯಿತ್ತು, ವ್ಯಾಪಾರವೂ ಸರಿಯಿತ್ತು.

1994ರಲ್ಲಿ ಹೆಲೆನ್ ಚಿಯು ಮತ್ತು ಸಂಗಡಿಗರು ಪ್ರಕಟಿಸಿದ ಕ್ಯಾಂಟನೀಸ್ ಆವೃತ್ತಿಯಲ್ಲಿ ಇರುವುದೂ ಇದೇ: ವಾಕ್ಯವನ್ನು ಹೇಳಿದರೆ ಸಾಕು. ಹಿಂದುಮುಂದಾಗಿ ಹೇಳಲು ಅಕ್ಷರಗಳ ಬದಲು 4, 2, 7, 3, 1 ಎಂಬ ಅಂಕಿಗಳಿವೆ. ಕಣ್ಣು ಮುಚ್ಚಿ ಎಂಬಲ್ಲಿ ಚಪ್ಪಾಳೆ ತಟ್ಟಿ ಎಂದಿದೆ. ವಯಸ್ಸಾದವರಿಗೆ ಕಣ್ಣು ಮುಚ್ಚಿ ಎನ್ನುವುದು ನಮ್ಮಲ್ಲೂ ಶುಭವಲ್ಲ. ಈಗ ಎಲ್ಲಿದ್ದೀರಿ ಎಂಬ ಊರಿನ ಪ್ರಶ್ನೆಗೆ ಅಲ್ಲಿಯ ಮೂರು ಭಾಗಗಳಾದ ಹಾಂಗ್‌ಕಾಂಗ್ ದ್ವೀಪ, ಕೌಲೂನ್, ನ್ಯೂ ಟೆರಿಟರೀಸ್ ಇವುಗಳಲ್ಲಿ ಯಾವುದು ಎಂದು ಕೇಳುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಕಾಯಿಲೆಯ ಅನುಮಾನ ಹುಟ್ಟಿಸುವ ಗಡಿ ಅಂಕವನ್ನೇ ಓದಿಗೆ ತಕ್ಕಂತೆ ಬೇರೆ ಬೇರೆ ಇಟ್ಟುಕೊಂಡರು: ಶಾಲೆಗೇ ಹೋಗದವರಿಗೆ 18, ಎರಡು ವರ್ಷದವರೆಗೆ ಓದಿದವರಿಗೆ 20, ಅದಕ್ಕೂ ಹೆಚ್ಚು ಓದಿದವರಿಗೆ 22. ಮತ್ತೆ ಹೇಳುತ್ತೇನೆ, ನೆನಪನ್ನು ಅಳೆಯಬೇಕು, ಶಾಲೆಯನ್ನಲ್ಲ.

ಸೊಪ್ಪಿನ ಅಜ್ಜಿಯೇ ನನ್ನ ಸಮಯವನ್ನೆಲ್ಲ ತೆಗೆದುಕೊಂಡರು. ಕೆನಡಾದ ಮಾಂಟ್ರಿಯಲ್‌ನಲ್ಲಿ ರೂಪುಗೊಂಡ ಮೋಕಾ ಎಂಬ ಇಂಥದೇ ಇನ್ನೊಂದು ಪರೀಕ್ಷೆಯನ್ನೂ ಅಲ್ಲಿ ಹೊಂದಿಸಿಕೊಂಡಿದ್ದಾರೆ. ಒಂದೇ ಅಕ್ಷರದಿಂದ ಶುರುವಾಗುವ ಪದಗಳ ಬದಲು ಪ್ರಾಣಿಗಳ ಹೆಸರು ಕೇಳುತ್ತಾರೆ ಎಂದಷ್ಟೇ ಈಗ ಹೇಳಬಲ್ಲೆ. ನಿಮ್ಮ ಮನೆಯ ಹಿರಿಯರನ್ನು ಇಂಥ ಪರೀಕ್ಷೆಗೆ ಕರೆದೊಯ್ಯುವಾಗ ಅವರ ಕನ್ನಡಕ, ಕಿವಿಯ ಯಂತ್ರ ಮರೆಯಬೇಡಿ. ಎಷ್ಟು ಓದಿದ್ದಾರೆ ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿ. ಮತ್ತು ದಯವಿಟ್ಟು, ಪಕ್ಕದಲ್ಲಿ ಕುಳಿತು ಉತ್ತರ ಹೇಳಿಕೊಡಬೇಡಿ. ನಮಸ್ಕಾರ.